ಖಲೀಲ ಹೇಳದೆ ಬಿಟ್ಟ ಮಾತು

ಬೆಟಗೇರಿಯಲ್ಲಿ ಕಂಪ್ಯೂಟರ್ ರಿಪೇರಿ ಮಾಡುವ ಖಲೀಲ ಮುಳಗುಂದನ ಅಂಗಡಿಗೆ ಹೋಗುವವರು ಬೈಸಿಕೊಳ್ಳಲು ತಯಾರಾಗಿಯೇ ಹೋಗಬೇಕು. ಬಸ್ ನಿಲ್ದಾಣದಿಂದ ಎರಡು ಗಲ್ಲಿ ಒಳಗೆ, ಹಿಟ್ಟಿನ ಗಿರಣಿಯ ಪಕ್ಕದಲ್ಲಿ ಅವನ ಅಂಗಡಿ. ಗಿರಣಿಯ ಜೋಳದ ಹಿಟ್ಟು ಹಾರಿ ಬಂದು ಬಾಗಿಲ ಮೇಲೆ, ಬೋರ್ಡಿನ ಮೇಲೆ, ಖಲೀಲನ ಹುಬ್ಬಿನ ಮೇಲೆ ತೆಳ್ಳಗೆ ಕೂತಿರುತ್ತದೆ. ಅವನು ಕೆಲಸ ಮಾಡುವ ಮೇಜಿನ ಮೇಲೆ ಮಾತ್ರ ಒಂದು ಕಣವೂ ಇರುವುದಿಲ್ಲ. ಕೆಟ್ಟ ಸಿಪಿಯು ಡಬ್ಬಿ ಹೊತ್ತು ಮೆಟ್ಟಿಲು ಹತ್ತಿದವರನ್ನು ಅವನು ಮೊದಲು ಅಡಿಯಿಂದ ಮುಡಿಯವರೆಗೆ ನೋಡುತ್ತಾನೆ, ಆಮೇಲೆ ಡಬ್ಬಿಯನ್ನು ನೋಡುತ್ತಾನೆ, ಆಮೇಲೆ "ಯಾರು ಕೈಯಾಡಿಸ್ಯಾರ ಇದಕ್ಕ?" ಎಂದು ಕೇಳುತ್ತಾನೆ. ಯಾರೂ ಇಲ್ಲ ಎಂದವನು ಸುಳ್ಳ. ನಾನೇ ಎಂದವನು ದಡ್ಡ. ಗದಗಿನ ಅಂಗಡಿಯವರು ಎಂದರೆ ಮುಗಿದೇಹೋಯಿತು, ಅರ್ಧ ತಾಸು ನಿಂತು ಗದಗಿನ ಅಂಗಡಿಯವರೆಲ್ಲರ ಮಂಗಳಾರತಿ ಕೇಳಬೇಕು.

ಅವನ ತಾತ್ಸಾರಕ್ಕೆ ಆಧಾರವೇ ಇರಲಿಲ್ಲ ಎನ್ನುವ ಹಾಗಿಲ್ಲ. ಇಪ್ಪತ್ತೆರಡು ವರ್ಷಗಳಲ್ಲಿ ಆ ಮೇಜಿನ ಮೇಲೆ ಏನೇನು ಬಂದು ಬಿದ್ದಿಲ್ಲ! ಮುಂಡರಗಿಯ ಗೊಬ್ಬರದ ಅಂಗಡಿಯವನೊಬ್ಬ ಸಿಡಿ ಹಾಕುವ ತಟ್ಟೆಯ ಮೇಲೆ ದಿನಾ ಊದಿನಕಡ್ಡಿ ಹಚ್ಚಿಡುತ್ತಿದ್ದ. ಗುಂಡಿ ಒತ್ತಿದರೆ ಹೊರಗೆ ಬರುತ್ತದೆ, ಒತ್ತಿದರೆ ಒಳಗೆ ಹೋಗುತ್ತದೆ, ಬೂದಿ ನೆಲಕ್ಕೆ ಬೀಳುವುದಿಲ್ಲ ಎಂದು ಅವನಿಗೆ ಬಹಳ ಸಮಾಧಾನ. ಶಿರಹಟ್ಟಿಯ ವಕೀಲರೊಬ್ಬರು ಡಬ್ಬಿಯೊಳಗೆ ಧೂಳು ಹೋಗಬಾರದೆಂದು ಅಳತೆ ಕೊಟ್ಟು ಕೌದಿ ಹೊಲಿಸಿ ಹೊದಿಸಿದ್ದರು. ಬೇಸಿಗೆಯ ಒಂದು ಮಧ್ಯಾಹ್ನ ಯಂತ್ರ ಕೌದಿಯೊಳಗೇ ಬೆಂದು ಸತ್ತಿತು. ಹೊಂಬಳದ ಹತ್ತಿ ವ್ಯಾಪಾರಿಯಂತೂ ಅಮಾವಾಸ್ಯೆಯ ದಿನ ಸಿಪಿಯು ನೆತ್ತಿಯ ಮೇಲೆಯೇ ಕಾಯಿ ಒಡೆದ. ನೀರು ಒಳಗಿಳಿಯಿತು, ಹೊಗೆ ಹೊರಗೆ ಬಂತು, ಆ ಪುಣ್ಯಾತ್ಮ ಅದನ್ನೂ ಶುಭ ಶಕುನವೆಂದು ತಿಳಿದು ಕೈಮುಗಿದನಂತೆ. ಇಂಥವರನ್ನು ನೋಡಿ ನೋಡಿ ಖಲೀಲನ ಮುಖದ ಮೇಲೆ ಒಂದು ಕಹಿ ನಗೆ ಕಾಯಂ ಆಗಿ ಕೂತುಬಿಟ್ಟಿತ್ತು.

ಗಿರಾಕಿಗಳಿಗಿಂತ ಅವನಿಗೆ ಹೆಚ್ಚು ಹೇಸಿಗೆ ಇದ್ದದ್ದು ತನ್ನದೇ ಕಸುಬಿನವರ ಮೇಲೆ. ಅವರಿಗೆ ಗೊತ್ತಿರುವುದು ಒಂದೇ ಮಂತ್ರ, ಫಾರ್ಮ್ಯಾಟ್. ಪರದೆ ನೀಲಿಯಾಯಿತೇ, ಫಾರ್ಮ್ಯಾಟ್ ಮಾಡು. ನಿಧಾನವಾಯಿತೇ, ಫಾರ್ಮ್ಯಾಟ್ ಮಾಡು. ಇರುವುದೆಲ್ಲವನ್ನೂ ಅಳಿಸಿ ಖಾಲಿ ಡಬ್ಬಿ ಕೊಟ್ಟು "ಹೊಸದರಂಗ ಆಗೇತಿ ನೋಡ್ರಿ" ಅನ್ನುವುದಕ್ಕೆ ವಿದ್ಯೆ ಯಾಕೆ ಬೇಕು, ಒಂದು ಕಸಬರಿಗೆ ಸಾಕು ಎಂಬುದು ಖಲೀಲನ ಮಾತು. ಅವನು ಮಾತ್ರ ಇಷ್ಟು ವರ್ಷಗಳಲ್ಲಿ ಗಿರಾಕಿಯ ಒಂದು ಚೀಟಿಯಷ್ಟನ್ನೂ ಕಳೆದವನಲ್ಲ. ಸತ್ತಿತೆಂದು ಗದಗಿನಲ್ಲಿ ಕೈಬಿಟ್ಟ ಡಿಸ್ಕುಗಳಿಂದ ಮದುವೆಯ ಫೋಟೋ, ಶಾಲೆಯ ಹಾಜರಿ, ಹೊಲದ ಕಾಗದ ಎಲ್ಲವನ್ನೂ ಎತ್ತಿ ಕೊಟ್ಟವನು. ಊರಿಗೆ ಇದು ಗೊತ್ತಿತ್ತು. ಅದಕ್ಕೇ ಜನ ಬೈಸಿಕೊಂಡರೂ ಅವನ ಮೆಟ್ಟಿಲನ್ನೇ ಹತ್ತುತ್ತಿದ್ದರು.

ಅವನದೊಂದು ನಿಯಮವಿತ್ತು. ಕೆಲಸ ಮಾಡಿ ಕೊಡುವುದು, ಏನು ಮಾಡಿದೆನೆಂದು ಹೇಳುವುದಿಲ್ಲ. ಮೊದಮೊದಲು ಹೇಳುತ್ತಿದ್ದ. ಲಕ್ಷ್ಮೇಶ್ವರದ ಒಬ್ಬ ಕಾಲೇಜು ಮಾಸ್ತರರಿಗೆ ವೈರಸ್ ಎಂದರೇನು, ಎಲ್ಲಿಂದ ಬರುತ್ತದೆ, ಹೇಗೆ ತಡೆಯಬೇಕು ಎಂದು ಕಾಗದದ ಮೇಲೆ ಚಿತ್ರ ಬರೆದು ಒಂದು ತಾಸು ತಿಳಿಸಿದ್ದ. ಮಾಸ್ತರರು ಹೂಂ ಹೂಂ ಎನ್ನುತ್ತ ಪೂರ್ತಿ ಕೇಳಿ, ಕೊನೆಗೆ, "ಅದೆಲ್ಲಾ ಆತ್ರಿ, ಈ ಡಬ್ಬಿ ಪೂರ್ವಕ್ಕ ಮುಖ ಮಾಡಿ ಇಡಬೇಕೋ, ಉತ್ತರಕ್ಕೋ?" ಎಂದು ಕೇಳಿದರು. ಖಲೀಲ ಆ ಕಾಗದವನ್ನು ಮುದ್ದೆ ಮಾಡಿ ಒಗೆದ. ಅಂದಿನಿಂದ ಬಾಯಿಗೆ ಬೀಗ. ಹೇಳಿದರೆ ಯಾರಿಗೂ ತಿಳಿಯುವುದಿಲ್ಲ ಎಂಬ ತೀರ್ಮಾನಕ್ಕೆ ಬಂದುಬಿಟ್ಟ. ತಿಳಿದವನಿಗೆ ಹೀಗೆ ಒಂದು ನೆಪ ಸಿಕ್ಕರೆ ಸಾಕು, ಜನ್ಮವಿಡೀ ಆರಾಮ.

ಖಲೀಲ ಹುಟ್ಟಿದ್ದು ಇದೇ ಬೆಟಗೇರಿಯ ಮಗ್ಗದ ಓಣಿಯಲ್ಲಿ. ತಾಯಿ ಜನ್ನತಬಿ ನೇಕಾರರ ಮನೆಮನೆಗೆ ಹೋಗಿ ಕೆಚ್ಚುತ್ತಿದ್ದಳು. ಸೀರೆ ನೇಯುತ್ತ ಮಗ್ಗದ ಮೇಲಿನ ಉದ್ದ ಎಳೆಗಳ ಹಾಸು ಮುಗಿಯುತ್ತ ಬಂದಾಗ ಅದನ್ನು ಪೂರ್ತಿ ಕತ್ತರಿಸಿ ತೆಗೆಯುವುದಿಲ್ಲ. ನೂಲು ಹಾಯುವ ಹಣಿಗೆಯಲ್ಲಿ ಒಂದು ಗೇಣು ಹಳೆಯ ಎಳೆಗಳನ್ನು ಹಾಗೇ ಬಿಟ್ಟಿರುತ್ತಾರೆ. ಆ ಒಂದೊಂದು ಹಳೆಯ ಎಳೆಗೆ ಹೊಸ ಹಾಸಿನ ಒಂದೊಂದು ಎಳೆಯನ್ನು ಬೂದಿ ಹಚ್ಚಿದ ಬೆರಳಿನಿಂದ ಹೊಸೆದು ಸೇರಿಸುವುದೇ ಕೆಚ್ಚುವುದು. ಮೂರು ಸಾವಿರ ಎಳೆ ಸೇರಿಸಿದರೆ ಒಂದು ಮಗ್ಗ ಆಯಿತು. ಹೊಸದು ಹಣಿಗೆ ದಾಟಿ ನಾಲ್ಕು ಬೆರಳು ನೇಯ್ಗೆ ಬೀಳುವ ತನಕ ಹಳೆಯದಕ್ಕೆ ಯಾರೂ ಕತ್ತರಿ ಇಡುವುದಿಲ್ಲ. ಆ ಕೆಲಸದಲ್ಲಿ ಜನ್ನತಬಿಯ ಕಣ್ಣು ಹೋಗಿ ಈಗ ಮನೆಯಲ್ಲಿ ಕೂತಿದ್ದಾಳೆ. ಖಲೀಲನಿಗೆ ಆ ಓಣಿಯ ಖಟ್ ಖಟ್ ಸದ್ದೆಂದರೇ ಆಗದು. ಕೈಗೆ ಬೂದಿ ಹಚ್ಚಿಕೊಂಡು ಬದುಕುವವರ ನಡುವಿನಿಂದ ತಾನು ಬುದ್ಧಿ ಹಚ್ಚಿ ಪಾರಾದೆ ಎಂದೇ ಅವನ ಎಣಿಕೆ.

ಅಂಥ ಓಣಿಯಿಂದಲೇ ತಿಂಗಳ ಮೊದಲ ದಿನ ಮುತ್ತಣ್ಣ ಬಂದ. ಅರವತ್ತೈದು ದಾಟಿದ ನೇಕಾರ, ಮನೆಯಲ್ಲಿ ನಾಲ್ಕು ಮಗ್ಗ. ಹಿಂದೆ ಸಿಪಿಯು ಡಬ್ಬಿಯನ್ನು ಸೊಂಟದ ಮೇಲೆ ನೀರಿನ ಕೊಡದ ಹಾಗೆ ಹೊತ್ತುಕೊಂಡು ಅವನ ಸೊಸೆ ಕಾಂಚನಾ.

"ಯಾರು ಕೈಯಾಡಿಸ್ಯಾರ ಇದಕ್ಕ?"

"ಗದಗಿನ್ಯಾಗ ಕೊಟ್ಟಿದ್ವಿ, ತಮ್ಮಾ," ಎಂದ ಮುತ್ತಣ್ಣ. "ಒಳಗಿನ ಡಿಸ್ಕು ಟಕ್ ಟಕ್ ಅಂತಿತ್ತು. ಹೊಸಾದು ಹಾಕಿ ಕೊಟ್ಟಾರ. ಹಾಕಿದಾಗಿಂದ ಒಂದು ಬರತೈತಿ, ಒಂದು ಬರವಲ್ದು."

ಖಲೀಲನಿಗೆ ತಿಳಿಯಿತು. ನಾಲ್ಕು ವರ್ಷದ ಹಿಂದೆ ಆ ಯಂತ್ರವನ್ನು ಕಟ್ಟಿ ಕೊಟ್ಟವನು ಅವನೇ. ಒಂದೇ ಡಿಸ್ಕಿನಲ್ಲಿ ಎರಡು ಸಂಸಾರ ಹೂಡಿದ್ದ. ಒಂದು ಕಡೆ ವಿಂಡೋಸ್. ಮಗ್ಗಕ್ಕೆ ಬೇಕಾದ ರಟ್ಟಿನ ಮೇಲೆ ತೂತು ಹೊಡೆಯುವ ಯಂತ್ರದ ಸಾಫ್ಟ್‌ವೇರ್ ಅದರಲ್ಲಿ ಮಾತ್ರ ಓಡುತ್ತಿತ್ತು. ಇನ್ನೊಂದು ಕಡೆ ಲಿನಕ್ಸ್. ಕಾಂಚನಾ ಸೀರೆಯ ಅಂಚು, ಸೆರಗು, ಬುಟ್ಟಾಗಳ ಡಿಸೈನು ಬರೆಯುತ್ತಿದ್ದದ್ದು ಅದರಲ್ಲಿ. ಯಂತ್ರ ಹಚ್ಚಿದ ಕೂಡಲೆ ಪರದೆಯ ಮೇಲೆ ಎರಡು ಹೆಸರು ಬರುತ್ತಿದ್ದವು, ಬೇಕಾದ್ದನ್ನು ಆರಿಸಬೇಕು. ಈಗ ಆ ಹೆಸರುಗಳೇ ಬರುತ್ತಿಲ್ಲ, ಯಂತ್ರ ನೆಟ್ಟಗೆ ವಿಂಡೋಸಿಗೇ ನುಗ್ಗುತ್ತಿದೆ.

"ಏನಂದ್ರು ಆ ಶಾಣ್ಯಾರು?" ಎಂದು ಕೇಳಿದ ಖಲೀಲ.

"ಫಾರ್ಮ್ಯಾಟ್ ಮಾಡಬೇಕು ಅಂದ್ರು," ಎಂದಳು ಕಾಂಚನಾ. "ಬ್ಯಾಡ ಅಂತ ಕಸಗೊಂಡು ಬಂದ್ವಿ, ಅಣ್ಣಾರ. ಅದರಾಗ ನನ್ನ ಜ್ವಾಳದ ತೆನಿ ಐತ್ರಿ."

ಜೋಳದ ತೆನೆಯ ಕಥೆ ಇಷ್ಟು. ಕಾಂಚನಾ ಮುಂಡರಗಿಯ ಒಕ್ಕಲುತನದ ಮನೆಯಿಂದ ಬಂದವಳು, ಮಗ್ಗವನ್ನು ಮೊದಲು ನೋಡಿದ್ದೇ ಮದುವೆಯಾದ ಮೇಲೆ. ಮಾವನ ಹಳೆಯ ಅಂಚುಗಳನ್ನು ಬರೆಯುತ್ತ ಬರೆಯುತ್ತ ಒಂದು ದಿನ ತನ್ನದೇ ಒಂದನ್ನು ಬರೆದಳು. ತಲೆ ಬಾಗಿದ ಹಿಂಗಾರಿ ತೆನೆಗಳ ಸಾಲು. ಲಕ್ಷ್ಮೇಶ್ವರದ ಸೀರೆ ವ್ಯಾಪಾರಿಯೊಬ್ಬ ಅದನ್ನು ನೋಡಿ, "ಇದನ್ನ ಬರೇ ಅಂಚಿಗೆ ಬಿಡಬ್ಯಾಡ. ಸೆರಗು, ಮೈ, ಬುಟ್ಟಾ ಎಲ್ಲಾ ಬರದು ತೋರಿಸವಾ. ಹದಿನೈದನೇ ತಾರೀಖಿಗೆ ಬರ್ತೇನಿ. ಮನಸಿಗೆ ಬಂದ್ರ ನಾಲ್ಕೂ ಮಗ್ಗಕ್ಕ ವರ್ಷದ ಕೆಲಸ," ಎಂದು ಹೇಳಿ ಹೋಗಿದ್ದ. ಆ ಮನೆಯ ಎರಡು ಮಗ್ಗ ಆರು ತಿಂಗಳಿಂದ ಬಟ್ಟೆ ಹೊದ್ದು ನಿಂತಿದ್ದವು.

"ಕುಂಡ್ರಿ ಅಲ್ಲೆ," ಎಂದು ಖಲೀಲ ಡಬ್ಬಿ ಬಿಚ್ಚಿದ. ಗದಗಿನವರು ಹಳೆಯ ಡಿಸ್ಕಿನಲ್ಲಿದ್ದುದನ್ನೆಲ್ಲ ಹೊಸದಕ್ಕೆ ಅಚ್ಚೊತ್ತಿದಂತೆ ನಕಲು ಮಾಡಿದ್ದರು, ಅಷ್ಟು ಸರಿ. ಆದರೆ ಎರಡು ಹೆಸರು ತೋರಿಸುವ ಆ ಪಟ್ಟಿಯನ್ನು ಎಲ್ಲಿ ಹುಡುಕಬೇಕೆಂದು ಯಂತ್ರಕ್ಕೆ ಹೇಳಿರಲಿಲ್ಲ. ಹಳೆಯ ಡಿಸ್ಕು ಹೋದ ಮೇಲೆ ಅದರ ವಿಳಾಸವೂ ಹೋಗಿತ್ತು. ಮನೆಯೊಳಗೆ ಸಾಮಾನೆಲ್ಲ ಇದೆ, ಬಾಗಿಲಿಲ್ಲ. ಬಾಗಿಲು ಕೂರಿಸಲು ಬಾರದವರು ಮನೆ ಕೆಡವಲು ಹೊರಟಿದ್ದರು. "ಮೂಳರು," ಎಂದು ಖಲೀಲ ಗೊಣಗಿದ, "ಸ್ಕ್ರೂ ತಿರುವಾಕ ಬಂದ್ರ ಸಾಕು, ಬೋರ್ಡ್ ಹಾಕ್ಕೊಂಡು ಕುಂಡ್ರತಾವ." ತನ್ನ ಪೆನ್ ಡ್ರೈವ್ ಚುಚ್ಚಿ, ಅದರಿಂದ ಯಂತ್ರ ಎಬ್ಬಿಸಿ, ಲಿನಕ್ಸ್ ಇದ್ದ ಭಾಗದೊಳಗೆ ಹೊಕ್ಕು, ಪಟ್ಟಿಯನ್ನು ಹೊಸ ಡಿಸ್ಕಿನ ಮೇಲೆ ಮತ್ತೆ ಬರೆದ. ಕಪ್ಪು ಪರದೆಯ ಮೇಲೆ ಬಿಳಿ ಅಕ್ಷರ ಸರಸರ ಓಡಿದವು. ಚಹಾ ಬಂದು ಆರುವುದರೊಳಗೆ ಯಂತ್ರ ಎರಡೂ ಹೆಸರು ತೋರಿಸಿತು. ಕಾಂಚನಾ ಲಿನಕ್ಸ್ ಆರಿಸಿದಳು, ತೆನೆಗಳ ಸಾಲು ಪರದೆ ತುಂಬ ಮೂಡಿತು. ಅವಳ ಕಣ್ಣು ತುಂಬಿ ಬಂದವು. ಖಲೀಲನಿಗೆ ಅದೂ ಒಂದು ಅತಿರೇಕವೆನಿಸಿತು.

ಗದಗಿನವರು ಹಳೆಯ ಡಿಸ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಕೊಟ್ಟಿದ್ದರು. ಮುತ್ತಣ್ಣ ಅದನ್ನು ಎತ್ತಿ ಹಿಡಿದು ಕೇಳಿದ. "ಇದನ್ನ ಏನು ಮಾಡೂದು, ತಮ್ಮಾ? ಇನ್ನೂ ಜೀವ ಐತಿ ಇದಕ್ಕ. ಒಳಗ ಜಾಗಾನೂ ಐತಿ. ಒಂದೀಟು ದಿನ ಹೊಸಾದರ ಜೋಡಿ ಇರಲಿ ಅಂತೀನಿ."

ಆಗ ಖಲೀಲ ಹೇಳಬೇಕಾದದ್ದು ಒಂದೇ ಮಾತು. ಹೊಸ ಡಿಸ್ಕು ಹಳೆಯದರ ನಕಲಾದ್ದರಿಂದ ಎರಡಕ್ಕೂ ಗುರುತಿನ ನಂಬರ್ ಒಂದೇ. ಎರಡನ್ನೂ ಒಟ್ಟಿಗೆ ಜೋಡಿಸಿದರೆ ಲಿನಕ್ಸ್ ಗೊಂದಲಕ್ಕೆ ಬಿದ್ದು ಹಳೆಯದರ ಮೇಲೆಯೇ ಬರೆಯಲು ಶುರುಮಾಡಬಹುದು, ಕೂತವರಿಗೆ ಅದು ಗೊತ್ತೂ ಆಗುವುದಿಲ್ಲ. ಮಾತು ಅವನ ನಾಲಿಗೆಯ ಮೇಲೆ ಬಂತು ಕೂಡ. ಎದುರಿಗೆ ನಿಂತವನ ಬಿಳಿ ಟೊಪ್ಪಿಗೆ, ಉಗುರಿನ ಸಂದಿಯ ಬಣ್ಣ ನೋಡಿದ. ಗುರುತಿನ ನಂಬರಂತೆ, ಇವನಿಗಂತೆ!

"ಗಟಾರಕ್ಕ ಒಗೀರಿ ಅದನ್ನ," ಎಂದ. "ಹೊಸಾದು ನೂರು ವರ್ಷ ಬಾಳತೈತಿ. ನಾ ಮಾಡಿದ್ದು ಸುಮ್ನ ಅಲ್ಲ."

"ಒಗೀಬೇಕಽ?" ಎಂದ ಮುತ್ತಣ್ಣ.

"ನಿಮಗ ಹೇಳಿದ್ದು ಮಾಡಾಕ ಬರತೈತೋ ಇಲ್ಲೋ, ಕಾಕಾ? ಹೋಗ್ರಿ."

ನಾಲ್ಕನೇ ದಿನ ಕಾಂಚನಾಳ ಫೋನು ಬಂತು. ಖಲೀಲ ಒಬ್ಬ ಗ್ರಾಮ ಪಂಚಾಯಿತಿ ಗುಮಾಸ್ತನನ್ನು ಬೈಯುವ ಭರದಲ್ಲಿದ್ದ. "ಅಣ್ಣಾರ, ಮಷೀನು ಮತ್ತ ಮೊದಲಿನಂಗ ನಿಧಾನ ಆಗೇತ್ರಿ. ನೀವು ಮಾಡಿಕೊಟ್ಟ ದಿನ ಎಷ್ಟ ಜೋರ ಇತ್ತು," ಎಂದಳು. ಹೊಸ ಡಿಸ್ಕು ನಾಲ್ಕು ದಿನಕ್ಕೆ ನಿಧಾನವಾಗುವ ವಸ್ತುವಲ್ಲ. ಈ ಒಂದು ಮಾತು ಕೇಳಿದರೆ ಖಲೀಲನಂಥ ಕೆಲಸಗಾರನ ಕಿವಿ ನೆಟ್ಟಗಾಗಬೇಕಿತ್ತು. "ಮಷೀನು ನಿಧಾನ ಆಗಿಲ್ಲವಾ, ನಿನಗ ಅವಸರ ಹೆಚ್ಚಾಗೇತಿ. ಸುಮ್ಕ ಕೆಲಸಾ ಮಾಡು," ಎಂದು ಇಟ್ಟುಬಿಟ್ಟ. ಗುಮಾಸ್ತ ನಕ್ಕ. ನಗಿಸಿದೆನೆಂದು ಖಲೀಲನಿಗೂ ಖುಷಿಯಾಯಿತು.

ಕಾಂಚನಾ ಸುಮ್ಮನೆ ಕೆಲಸ ಮಾಡಿದಳು. ಬೆಳಿಗ್ಗೆ ರೊಟ್ಟಿ ಬಡಿದಿಟ್ಟು ಕೂತರೆ ಸಂಜೆ ದೀಪ ಹಚ್ಚುವ ಹೊತ್ತಿಗೆ ಏಳುತ್ತಿದ್ದಳು. ಸೆರಗಿಗೆ ಒಕ್ಕಲು ಮುಗಿದ ಕಣದ ಹಾಗೆ ತೆನೆಗಳ ಸುತ್ತು ಬರೆದಳು, ಮೈಗೆ ಉದುರಿದ ಕಾಳಿನ ಬುಟ್ಟಾ ಬರೆದಳು. ಚೌಕಕ್ಕೊಂದು ಎಳೆ ಲೆಕ್ಕ ಹಿಡಿದು, ತಪ್ಪಿದ್ದನ್ನು ಅಳಿಸಿ ಮತ್ತೆ ಬರೆದು, ಹನ್ನೆರಡು ದಿನಗಳಲ್ಲಿ ಒಂದು ಸೀರೆ ಪೂರ್ತಿಯಾಯಿತು. ಗಂಡ ವೀರು ಮಗ್ಗದಿಂದೆದ್ದು ಬಂದು ನೋಡಿ, "ಇದನ್ನ ನಾನ ನೇಯ್ತೇನಿ, ಬ್ಯಾರೇ ಯಾರಿಗೂ ಕೊಡಬ್ಯಾಡ," ಎಂದನಂತೆ.

ಹದಿಮೂರನೆಯ ತಾರೀಖು ಬೆಳಿಗ್ಗೆ ಡಬ್ಬಿಯೊಳಗೆ ಟಕ್ ಟಕ್ ಸದ್ದು ಕೇಳಿ, ಪರದೆ ಹಾಗೇ ನಿಂತಿತು. ಆರಿಸಿ ಹಚ್ಚಿದಾಗ ಯಂತ್ರ ಎದ್ದಿತು. ತೆನೆಯ ಅಂಚು ಇತ್ತು. ಸೆರಗು ಇರಲಿಲ್ಲ, ಬುಟ್ಟಾ ಇರಲಿಲ್ಲ. ಹನ್ನೆರಡು ದಿನ ಅವಳು ಆ ಕುರ್ಚಿಯಲ್ಲಿ ಕೂತೇ ಇರಲಿಲ್ಲವೇನೋ ಎಂಬಂತೆ ಎಲ್ಲ ಖಾಲಿ.

ಫೋನು ಬಂದಾಗ ಖಲೀಲ "ಹೊತ್ತುಕೊಂಡು ಬರ್ರಿ" ಎಂದ. "ಇವತ್ತ ನಾ ಎಲ್ಲೂ ಬರಂಗಿಲ್ಲರಿ, ನೀವ ಬರ್ರಿ," ಎಂದಳು ಕಾಂಚನಾ. ದನಿ ಬೇರೆಯಾಗಿತ್ತು. ಅವನು ಸ್ಕೂಟರ್ ತೆಗೆದ. ಎಷ್ಟೋ ವರ್ಷಗಳ ಮೇಲೆ ಆ ಓಣಿಗೆ ಹೊರಟಿದ್ದ. ದಾರಿಯುದ್ದಕ್ಕೂ ಮನಸ್ಸಿನಲ್ಲೇ ಬೈಗಳು ಜೋಡಿಸುತ್ತಿದ್ದ: ಒತ್ತಬಾರದ್ದನ್ನು ಒತ್ತಿರುತ್ತಾಳೆ, ಅಳಿಸಬಾರದ್ದನ್ನು ಅಳಿಸಿರುತ್ತಾಳೆ, ಈಗ ಮಷೀನಿನ ಮೇಲೆ ಹಾಕುತ್ತಾಳೆ. ಇಪ್ಪತ್ತೆರಡು ವರ್ಷಗಳಲ್ಲಿ ಅವನು ಮುಟ್ಟಿದ ಯಂತ್ರದಿಂದ ಏನೂ ಕಳೆದದ್ದಿಲ್ಲ, ಇದರಿಂದಲೂ ಕಳೆದಿರಲು ಸಾಧ್ಯವಿಲ್ಲ.

ಮುತ್ತಣ್ಣನ ಮನೆಯ ನಡುಮನೆಯಲ್ಲೇ ಮಗ್ಗಗಳು, ಮೂಲೆಯಲ್ಲಿ ಮೇಜು, ಮೇಜಿನ ಕೆಳಗೆ ಡಬ್ಬಿ. ಖಲೀಲ ನೆಲಕ್ಕೆ ಕೂತು ಮುಚ್ಚಳ ತೆಗೆದ. ಒಳಗೆ ಹೊಸ ಡಿಸ್ಕಿನ ಪಕ್ಕದಲ್ಲಿ, ಖಾಲಿ ಜಾಗದಲ್ಲಿ, ಹಳೆಯ ಡಿಸ್ಕು ಕೂತಿತ್ತು. ತಂತಿಗಳನ್ನು ಗದಗಿನವರು ಮೊದಲು ಹಾಕಿದ್ದ ರೀತಿ ನೋಡಿಕೊಂಡು ಮನೆಯವರೇ ಒಪ್ಪವಾಗಿ ಚುಚ್ಚಿದ್ದರು. ಸ್ಕ್ರೂ ಸಿಕ್ಕಿರಲಿಲ್ಲವೇನೋ, ಕೆಂಪು ರೇಷ್ಮೆ ನೂಲಿನಿಂದ ನಾಲ್ಕು ಸುತ್ತು ಬಿಗಿದು ಗಂಟು ಹಾಕಿದ್ದರು. ನೇಕಾರನ ಗಂಟು, ಜಗ್ಗಿದರೂ ಬಿಚ್ಚುವುದಿಲ್ಲ.

ಖಲೀಲ ಗಹಗಹಿಸಿ ನಕ್ಕ. ಆಮೇಲೆ ಎದ್ದು ನಿಂತು ಓಣಿಗೆಲ್ಲ ಕೇಳುವ ಹಾಗೆ ಶುರುಮಾಡಿದ. "ಏನು ಕಾಕಾ ಇದು? ಒಗೀರಿ ಅಂತ ಹೇಳಿದ್ನೋ ಇಲ್ಲೋ? ಎರಡೂ ಕೂಡಿ ಹಚ್ಚೀರಿ! ಹನ್ನೆರಡು ದಿನದ ಕೆಲಸಾ ಹೋಗಿ ಈ ಸಾಯೂ ಡಿಸ್ಕಿನ್ಯಾಗ ಬಿದ್ದೈತಿ, ಈಗ ಇದು ಸತ್ತೈತಿ! ನಿಮ್ಮಂಥಾ ಹೆಬ್ಬೆಟ್ಟು ಮಂದಿ ಮನಿಗೆ ಮಷೀನು ಕಟ್ಟಿ ಕೊಟ್ಟೆ ನೋಡ್ರಿ, ನನ್ನ ಕೆರ ತಗೊಂಡು ನಾನ ಹೊಡ್ಕೋಬೇಕು!"

ಮಗ್ಗದ ಸದ್ದು ನಿಂತಿತು. ವೀರು ಎದ್ದು ಬಾಗಿಲ ಕಡೆ ಹೋಗಿ ನಿಂತ. ಮುತ್ತಣ್ಣ ತಲೆ ತಗ್ಗಿಸಿ ಟೊಪ್ಪಿಗೆಯನ್ನು ಕೈಯಲ್ಲಿ ಹಿಡಿದುಕೊಂಡ.

"ತಪ್ಪಾತು, ತಮ್ಮಾ," ಎಂದ ಅವನು ಮೆಲ್ಲಗೆ. "ಹಳೇ ಹಾಸು ಹಣಗ್ಯಾಗ ಬಿಟ್ಟಂಗ ಒಂದೀಟು ದಿನ ಬಿಟ್ಟೆ. ಹೊಸಾದು ಹೊಂದಿಕೊಳ್ಳಲಿ, ಆಮ್ಯಾಲ ತಗದ್ರಾತು ಅಂತ. ನಿಮ್ಮವ್ವ ಇದ ಮಗ್ಗಕ್ಕ ಕೆಚ್ಚಾಕ ಕುಂತಾಗೆಲ್ಲಾ ಹೇಳತಿದ್ಲು, ಹೊಸಾದು ನಾಲ್ಕು ಬಟ್ಟು ಬೀಳೂತನಕ ಹಳೇದಕ್ಕ ಕೈ ಹಚ್ಚಬ್ಯಾಡ ಮುತ್ತಣ್ಣಾ ಅಂತ."

ಖಲೀಲ ಹಳೆಯ ಡಿಸ್ಕನ್ನು ನೂಲಿನ ಸುತ್ತಿನಿಂದ ಜಾರಿಸಿ ತೆಗೆದು ತನ್ನ ಲ್ಯಾಪ್‌ಟಾಪಿಗೆ ಹಚ್ಚಿ ನೋಡಿದ. ಟಕ್ ಟಕ್ ಟಕ್. ತಂತಿ ಬದಲಿಸಿದ, ಮಗ್ಗುಲು ಬದಲಿಸಿದ, ತನಗೆ ಗೊತ್ತಿದ್ದ ಉಪಾಯಗಳನ್ನೆಲ್ಲ ಮಧ್ಯಾಹ್ನದವರೆಗೆ ಮಾಡಿದ. ಒಳಗಿನ ತಟ್ಟೆ ಗೀಚಿಹೋಗಿತ್ತು. ಅವನ ಕೈಯಲ್ಲಿ ಮೊದಲ ಸಲ ಒಂದು ಡಿಸ್ಕು ಏನನ್ನೂ ಮರಳಿ ಕೊಡಲಿಲ್ಲ.

"ಪೆನ್ ಡ್ರೈವಿಗರೆ ಹಾಕ್ಕೊಂಡು ಇಡಬಾರದಽ?" ಎಂದು ಕಾಂಚನಾಳ ಕಡೆ ತಿರುಗಿ ಗದರಿದ.

"ನೂರು ವರ್ಷ ಬಾಳತೈತಿ ಅಂತ ನೀವ ಅಂದಿದ್ರಿ," ಎಂದಳು ಕಾಂಚನಾ. ಅವಳು ಮೇಜಿನ ಮೇಲೆ ಗ್ರಾಫ್ ಹಾಳೆ ಹರಡಿಕೊಂಡು ನೆನಪಿದ್ದಷ್ಟು ಸೆರಗನ್ನು ಪೆನ್ಸಿಲಿನಿಂದ ಬರೆಯುತ್ತಿದ್ದಳು. ಅಂಗೈ ಅಗಲ ಆಗಿತ್ತು. "ಲಕ್ಷ್ಮೇಶ್ವರದವರಿಗೆ ಮುಂಜಾನೆ ಫೋನ್ ಮಾಡಿ ಇದ್ದದ್ದು ಹೇಳಿದೆ. ಪೂರಾ ಸೀರಿ ತೋರಸಾಕ ಆಗದಿದ್ರ ಬರೇ ಅಂಚಿಂದ ಒಂದು ಮಗ್ಗಕ್ಕ ಕೊಡ್ತೇನಿ ಅಂದ್ರು. ಉಳಿದ ಕೆಲಸಾ ಬ್ಯಾರೇ ಕಡೆ ನೋಡ್ತಾರಂತ."

ಅವಳು ಅಳುತ್ತಿರಲಿಲ್ಲ. ಪೆನ್ಸಿಲ್ ಕೆಳಗಿಟ್ಟು ಖಲೀಲನನ್ನೇ ನೋಡಿದಳು. ಹಾಗೆ ಅಡಿಯಿಂದ ಮುಡಿಯವರೆಗೆ ನೋಡುವುದು ಅವನ ಕೆಲಸವಾಗಿತ್ತು. ತನ್ನನ್ನು ಯಾರಾದರೂ ಹಾಗೆ ನೋಡಿದ್ದು ಅವನಿಗೆ ನೆನಪಿರಲಿಲ್ಲ.

"ಅಣ್ಣಾರ, ಒಂದು ಕೇಳ್ತೇನ್ರಿ. ಎರಡೂ ಕೂಡಿ ಹಚ್ಚಿದ್ರ ಹಿಂಗ ಆಕ್ಕೈತಿ ಅಂತ ನಿಮಗ ಮೊದಲ ಗೊತ್ತಿತ್ತೇನ್ರಿ?"

"ಗೊತ್ತಿಲ್ದ ಏನು? ಇಪ್ಪತ್ತೆರಡು ವರ್ಷ ಕತ್ತಿ ಕಾಯಾಕ ಹೋಗಿದ್ನೇನು?" ಎಂದುಬಿಟ್ಟ ಖಲೀಲ. ಅವನ ಜಂಬ ಅವನಿಗಿಂತ ಮೊದಲೇ ಬಾಯಿ ತೆರೆದಿತ್ತು. ಅಂದ ಮೇಲೆ ಆ ಮಾತು ಅವನಿಗೇ ಕೇಳಿಸಿತು.

"ಮತ್ತ ಯಾಕ ಹೇಳಲಿಲ್ರಿ?"

ಖಲೀಲ ಬಗ್ಗಿ ಡಬ್ಬಿಯಲ್ಲಿ ಉಳಿದಿದ್ದ ಕೆಂಪು ನೂಲಿನ ಗಂಟನ್ನು ಬಿಚ್ಚಲು ನೋಡಿದ, ಬಿಚ್ಚಲಿಲ್ಲ. ಗದಗಿನ ಅಂಗಡಿಯವರು ಹೇಳದೇ ಇದ್ದರೆ ಅವರಿಗೆ ತಿಳಿಯದೆಂದು ಅನ್ನಬಹುದಿತ್ತು. ನೇಕಾರ ಹಳೆಯದನ್ನು ಒಗೆಯುವುದಿಲ್ಲ, ಹೊಸದರ ಜೊತೆ ಸೇರಿಸಿ ಬಿಡುತ್ತಾನೆ ಎಂಬುದು ಅವರಿಗೆ ಹೇಗೆ ಗೊತ್ತಾಗಬೇಕು? ಡಿಸ್ಕಿನ ಗುಣವನ್ನೂ ನೇಕಾರನ ಗುಣವನ್ನೂ ಎರಡನ್ನೂ ಬಲ್ಲ ರಿಪೇರಿಯವನು ಈ ಜಿಲ್ಲೆಯಲ್ಲಿ ಒಬ್ಬನೇ ಇದ್ದ. ಜನ್ನತಬಿಯ ಮಗ. ಮುತ್ತಣ್ಣ ಡಿಸ್ಕು ಹಿಡಿದುಕೊಂಡು ಜೊತೆಗಿರಲಿ ಎಂದು ಬಾಯಿಬಿಟ್ಟು ಕೇಳಿಯೂ ಇದ್ದ. ಖಲೀಲನಿಗೆ ನಾಚಿಕೆಯಾಯಿತು, ಇಪ್ಪತ್ತೆರಡು ವರ್ಷ ಬೇರೆಯವರಿಗೆ ಹಂಚಿದ ಹೇಸಿಗೆಯೆಲ್ಲ ಒಮ್ಮೆಗೇ ತನ್ನ ಮೇಲೆ ಬಂತು.

"ಹೇಳಿದ್ರ ನಿಮಗ ತಿಳೀತೈತೋ ಇಲ್ಲೋ ಅಂತ…" ಎಂದ.

"ಈಗ ಹೇಳ್ರಿ," ಎಂದಳು ಕಾಂಚನಾ. "ತಿಳೀತೈತೋ ಇಲ್ಲೋ ನೋಡೂಣು."

ಖಲೀಲ ಗಂಟಲು ಸರಿಮಾಡಿಕೊಂಡ. "ಹೊಸಾದು ಹಳೇದರ ನಕಲು. ಎರಡಕ್ಕೂ ಗುರುತಿನ ನಂಬರ ಒಂದ. ಕೂಡಿ ಹಚ್ಚಿದ್ರ ಯಾವುದು ಹಳೇದು, ಯಾವುದು ಹೊಸಾದು ಅಂತ ಮಷೀನಿಗೆ ತಿಳಿಯೂದಿಲ್ಲ. ಅದಕ್ಕ ಕೂಡಿ ಹಚ್ಚಬಾರದು."

"ಇಷ್ಟನ್ರಿ?"

"ಇಷ್ಟ."

ಕಾಂಚನಾ ತಲೆಯಾಡಿಸಿದಳು. "ತಿಳೀತ್ರಿ," ಎಂದು ಹೇಳಿ, ಪೆನ್ಸಿಲ್ ಎತ್ತಿಕೊಂಡು ಮತ್ತೆ ಚೌಕ ಎಣಿಸತೊಡಗಿದಳು.

ಮಗ್ಗದ ಪಕ್ಕದಲ್ಲಿ ನಿಂತಿದ್ದ ಮುತ್ತಣ್ಣ ಟೊಪ್ಪಿಗೆ ಇಟ್ಟುಕೊಂಡ. "ನನಗೂ ತಿಳೀತಪಾ," ಎಂದ.